ಪಾವಗಡದ ನೀರು, ಅಜ್ಜಿಯ ಮೊಣಕಾಲು ಮತ್ತು ಆವರ್ತಕ ಕೋಷ್ಟಕ

(ಈ ವಾರದ ಸಂಚಿಕೆಯ ಬರಹ ರೂಪ. ಕೇಳೋಕೆ ಪುರುಸೊತ್ತಿಲ್ಲದವರು ಇಲ್ಲೇ ಓದಬಹುದು. ಓದೋಕೆ ಬೇಜಾರಾದವರು ಮೇಲಿನ ಪ್ಲೇ ಬಟನ್ ಒತ್ತಬಹುದು.)

ಬಸ್ಸಲ್ಲಿ ಒಂದು ಕೈಲಿ ಕಂಬಿ, ಇನ್ನೊಂದು ಕೈಲಿ ಫೋನ್ ಹಿಡಿದು ಕೇಳ್ತಿರೋರಿಗೆ ಸ್ಪೆಷಲ್ ನಮಸ್ಕಾರ.

ಸಾಮಾನ್ಯವಾಗಿ ನಾನಿಲ್ಲಿ ಇಎಂಐ, ಎಸ್‌ಐಪಿ, ಮೊದಲ ಸಂಬಳ, ಕ್ರೆಡಿಟ್ ಕಾರ್ಡ್ ಸಾಲ ಅಂತ ಮಾತಾಡ್ತೀನಿ. ನಾನು ಓದಿದ್ದು ಬಿ.ಕಾಂ. ಇವತ್ತಿನ ವಿಷಯ ಮಾತ್ರ ಕೆಮಿಸ್ಟ್ರಿ. ದಯವಿಟ್ಟು ಸ್ಕಿಪ್ ಮಾಡಬೇಡಿ, ಯಾಕೆ ಅಂತ ಹೇಳ್ತೀನಿ.

ಹೋದ ತಿಂಗಳು ಚಿಕ್ಕಪ್ಪನ ಮಗಳು ಫೋನ್ ಮಾಡಿದ್ಲು. ಪಾವಗಡದ ಕಡೆಯ ಹುಡುಗಿ, ಫಸ್ಟ್ ಪಿಯು, ಸೈನ್ಸ್. "ಅಕ್ಕಾ, ನಾನೂ ನಿನ್ನ ಥರ ಕಾಮರ್ಸ್‌ಗೆ ಬಂದ್ಬಿಡ್ತೀನಿ" ಅಂದ್ಲು. ಯಾಕೆ ಅಂದ್ರೆ ಆವರ್ತಕ ಕೋಷ್ಟಕದ ಪಾಠ. ಅದೇ, ಪೀರಿಯಾಡಿಕ್ ಟೇಬಲ್. 'ಎಡದಿಂದ ಬಲಕ್ಕೆ ಗಾತ್ರ ಕಮ್ಮಿ, ಮೇಲಿಂದ ಕೆಳಗೆ ಜಾಸ್ತಿ' ಅಂತ ಬಾಯಿಪಾಠ ಮಾಡಿದಾಳೆ. ಟೆಸ್ಟಲ್ಲಿ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ ತಕ್ಷಣ ಎಲ್ಲ ಕಲಸಿಹೋಗಿದೆ. ಇಪ್ಪತ್ತಕ್ಕೆ ನಾಲ್ಕು ಬಂದಿದೆ.

ಫೋನ್ ಇಟ್ಟ ಮೇಲೆ ನನಗೆ ನನ್ನ ಹತ್ತನೇ ಕ್ಲಾಸು ನೆನಪಾಯ್ತು. ನಾನೂ ಇದೇ ಪಟ್ಟಿ ನೋಡಿ ಹೆದರಿದವಳೇ. ಮೊದಲ ಇಪ್ಪತ್ತು ಧಾತುಗಳ ಹೆಸರು ಹೇಳೋವಾಗ ತಡವರಿಸಿದೆ. "ನಿನಗೆ ಇದೆಲ್ಲ ಆಗಲ್ಲ ಬಿಡು" ಅಂದ್ರು, ನಾನು ಬಿಟ್ಟೆ. ಕಾಮರ್ಸ್ ತಗೊಂಡಿದ್ದಕ್ಕೆ ಒಂದು ದಿನವೂ ಬೇಜಾರಾಗಿಲ್ಲ. ಆದರೆ ಹೆದರಿ ಬಿಟ್ಟುಬಂದೆ ಅನ್ನೋದು ಮಾತ್ರ ಚುಚ್ಚುತ್ತೆ. ಇವಳಿಗೂ ಹಾಗಾಗೋದು ಬೇಡ ಅಂತ ಮೂರು ವಾರ ಕೂತು ಆ ಪಾಠ ಓದಿದೆ. ಓದ್ತಾ ಓದ್ತಾ ಗೊತ್ತಾಯ್ತು, ಅದರಲ್ಲಿ ಬಾಯಿಪಾಠ ಮಾಡಬೇಕಾದ್ದು ತುಂಬಾ ಕಮ್ಮಿ. ಇನ್ನೊಂದೂ ಗೊತ್ತಾಯ್ತು: ನಮ್ಮ ಅಜ್ಜಿಯ ಮೊಣಕಾಲಿನ ಕಥೆ ಆ ಪಟ್ಟಿಯ ಬಲತುದಿಯಲ್ಲೇ ಇದೆ.

ಜಾತ್ರೆ, ತೇರು ಮತ್ತು ಹಿಂದಿನ ಸಾಲು

ಮೊದಲು ಬೇಸಿಕ್ಸ್. ಪರಮಾಣುವಿನ ನಡುವೆ ನ್ಯೂಕ್ಲಿಯಸ್, ಅದರೊಳಗೆ ಪ್ರೋಟಾನ್‌ಗಳು, ಪಾಸಿಟಿವ್. ಸುತ್ತ ಎಲೆಕ್ಟ್ರಾನ್‌ಗಳು, ನೆಗೆಟಿವ್. ಅವು ಕವಚ ಕವಚವಾಗಿ ಇರ್ತವೆ. ಹೈಡ್ರೋಜನ್‌ಗೆ 1 ಪ್ರೋಟಾನ್, ಹೀಲಿಯಂಗೆ 2, ಲಿಥಿಯಂಗೆ 3. ಹೀಗೆ ಒಂದೊಂದೇ ಹೆಚ್ಚಿಸ್ತಾ ಹೋದರೆ 118ರ ತನಕ ಪಟ್ಟಿ ತುಂಬುತ್ತೆ. ಅಡ್ಡಸಾಲಿಗೆ ಆವರ್ತ ಅಂತಾರೆ, 7 ಇವೆ. ಉದ್ದಸಾಲಿಗೆ ಗುಂಪು ಅಂತಾರೆ, 18 ಇವೆ.

ಈಗ ನಿಮ್ಮೂರ ಜಾತ್ರೆ ನೆನಪು ಮಾಡ್ಕೊಳ್ಳಿ. ನಡುವೆ ತೇರು, ಸುತ್ತ ಜನ. ಮುಂದಿನ ಸಾಲಲ್ಲಿ ನಿಂತೋರಿಗೆ ತೇರು ಚೆನ್ನಾಗಿ ಕಾಣುತ್ತೆ, ಅವರು ಅಲ್ಲಿಂದ ಕದಲಲ್ಲ. ಹಿಂದಿನ ಸಾಲಿನೋರಿಗೆ ಮುಂದಿನವರ ತಲೆ ಅಡ್ಡ. ತೀರಾ ಹಿಂದಿರೋ ಹುಡುಗನಿಗೆ ಕಳಶ ಕೂಡ ಕಾಣಲ್ಲ. ಪಕ್ಕದಲ್ಲಿ ಬೆಂಡು ಬತ್ತಾಸಿನ ಅಂಗಡಿ ಕಂಡ್ರೆ ಆ ಕಡೆ ಹೊರಟೇಬಿಡ್ತಾನೆ.

ತೇರು ಅಂದ್ರೆ ನ್ಯೂಕ್ಲಿಯಸ್, ಜನ ಅಂದ್ರೆ ಎಲೆಕ್ಟ್ರಾನ್‌ಗಳು, ಸಾಲು ಅಂದ್ರೆ ಕವಚ. ನಿಜದ ಎಲೆಕ್ಟ್ರಾನ್‌ಗಳು ಹೀಗೆ ಸಾಲಾಗಿ ನಿಲ್ಲಲ್ಲ, ಮೋಡದ ಥರ ಹರಡಿರ್ತವೆ. ಆದ್ರೂ ನಮ್ಮ ಲೆಕ್ಕಕ್ಕೆ ಈ ಚಿತ್ರ ಸಾಕು. ಎರಡೇ ಪ್ರಶ್ನೆ ಕೇಳಬೇಕು. ತೇರಿನ ಸೆಳೆತ ಎಷ್ಟು? ಕೊನೆಯ ಸಾಲು ಎಷ್ಟು ದೂರ, ನಡುವೆ ಎಷ್ಟು ಜನ ಅಡ್ಡ?

ಒಂದೇ ಆವರ್ತದಲ್ಲಿ ಎಡದಿಂದ ಬಲಕ್ಕೆ ಹೋಗೋಣ. ಪ್ರೋಟಾನ್ ಒಂದೊಂದೇ ಜಾಸ್ತಿ ಆಗುತ್ತೆ, ಸೆಳೆತ ಬಲವಾಗುತ್ತೆ. ಹೊಸ ಎಲೆಕ್ಟ್ರಾನ್ ಬಂದು ಸೇರೋದು ಅದೇ ಕೊನೆಯ ಸಾಲಿಗೆ. ಪಕ್ಕದಲ್ಲಿ ನಿಂತೋನು ಅಷ್ಟಾಗಿ ಅಡ್ಡ ಬರಲ್ಲ. ಹಾಗಾಗಿ ಇಡೀ ಸಾಲು ಒಳಕ್ಕೆ ಜಗ್ಗಿಕೊಳ್ಳುತ್ತೆ. ಮೂರನೇ ಆವರ್ತದಲ್ಲಿ ಸೋಡಿಯಂ ಪರಮಾಣುವಿನ ತ್ರಿಜ್ಯ 186 ಪಿಕೋಮೀಟರ್, ಮೆಗ್ನೀಸಿಯಂ 160, ಅಲ್ಯೂಮಿನಿಯಂ 143. ಕ್ಲೋರಿನ್‌ಗೆ ಬರೋ ಹೊತ್ತಿಗೆ 99. ಪಿಕೋಮೀಟರ್ ಅಂದ್ರೆ ಒಂದು ಮೀಟರನ್ನ ಲಕ್ಷ ಕೋಟಿ ಪಾಲು ಮಾಡಿದ್ರೆ ಅದರಲ್ಲೊಂದು ಪಾಲು. ಪ್ರೋಟಾನೂ ಎಲೆಕ್ಟ್ರಾನೂ ಜಾಸ್ತಿ ಆಗ್ತಾ ಪರಮಾಣು ಚಿಕ್ಕದಾಗುತ್ತೆ! ನನ್ನ ತಂಗಿ ಎಡವಿದ್ದು ಇಲ್ಲೇ. "ಜನ ಜಾಸ್ತಿ ಆದ್ರೆ ಗುಂಪು ದೊಡ್ಡದಾಗಬೇಕಲ್ವಾ ಅಕ್ಕಾ?" ಅಂದ್ಲು. ತೇರೂ ಜೊತೆಗೆ ಬೆಳೀತಿದೆ ಅನ್ನೋದನ್ನ ಅವಳು ಮರೆತಿದ್ಲು.

ಈಗ ಒಂದೇ ಗುಂಪಿನಲ್ಲಿ ಮೇಲಿಂದ ಕೆಳಗೆ. ಒಂದು ಮೆಟ್ಟಿಲು ಇಳಿದ್ರೆ ಹಿಂದೆ ಹೊಸದೊಂದು ಸಾಲು ಶುರು. ಲಿಥಿಯಂ 152, ಸೋಡಿಯಂ 186, ಪೊಟ್ಯಾಸಿಯಂ 227, ಸೀಸಿಯಂ 265. ಪ್ರೋಟಾನ್ ಜಾಸ್ತಿ ಆಗಿದೆ ನಿಜ, ಆದ್ರೆ ಮಧ್ಯೆ ಅಡ್ಡ ನಿಂತೋರೂ ಜಾಸ್ತಿ, ದೂರವೂ ಜಾಸ್ತಿ. ಕೊನೆಯ ಎಲೆಕ್ಟ್ರಾನ್ ಬೆಂಡು ಬತ್ತಾಸಿನ ಹುಡುಗನೇ.

ಪಾಠದ ಮುಕ್ಕಾಲು ಭಾಗ ಇಷ್ಟರಲ್ಲಿ ಮುಗೀತು. ಉಳಿದ ದೊಡ್ಡ ದೊಡ್ಡ ಹೆಸರುಗಳೆಲ್ಲ ಇದರ ಮಕ್ಕಳು. ಕೊನೆಯ ಎಲೆಕ್ಟ್ರಾನನ್ನ ಕಿತ್ತು ತೆಗೆಯೋಕೆ ಬೇಕಾದ ಶಕ್ತಿಗೆ ಅಯಾನೀಕರಣ ಶಕ್ತಿ ಅಂತಾರೆ. ಸೋಡಿಯಂಗೆ ಅದು ಮೋಲ್‌ಗೆ 496 ಕಿಲೋಜೂಲ್, ಸೀಸಿಯಂಗೆ ಬರೀ 376, ಅದೇ ಫ್ಲೋರಿನ್‌ಗೆ 1681. ಮೋಲ್ ಅಂದ್ರೆ ಡಜನ್ ಇದ್ದ ಹಾಗೆ ಒಂದು ಎಣಿಕೆ, ಆದ್ರೆ ಸಿಕ್ಕಾಪಟ್ಟೆ ದೊಡ್ಡದು. ಇನ್ನು ಬೇರೆಯವರ ಜೊತೆ ಹಂಚಿಕೊಂಡ ಎಲೆಕ್ಟ್ರಾನನ್ನ ತನ್ನ ಕಡೆ ಎಳ್ಕೊಳ್ಳೋ ಗುಣಕ್ಕೆ ಎಲೆಕ್ಟ್ರೋನೆಗೆಟಿವಿಟಿ ಅಂತಾರೆ. ಲೈನಸ್ ಪೌಲಿಂಗ್ ಮಾಡಿದ ಅಳತೆಗೋಲಲ್ಲಿ ಫ್ಲೋರಿನ್ 3.98, ಎಲ್ಲರಿಗಿಂತ ಮೇಲೆ. ಸೀಸಿಯಂ 0.79, ತಳದಲ್ಲಿ. ಲ್ಯಾಬಲ್ಲಿ ಸೋಡಿಯಂ ಚೂರನ್ನ ನೀರಿಗೆ ಹಾಕಿದ್ರೆ ಚುಂಯ್ ಅಂತ ಓಡಾಡುತ್ತೆ, ಪೊಟ್ಯಾಸಿಯಂ ಆದ್ರೆ ಹೊತ್ತಿಕೊಂಡು ಉರಿಯುತ್ತೆ. ಅದಕ್ಕೂ ಇದೇ ಕಾರಣ.

ಒಂದು ಎಚ್ಚರಿಕೆ. ಈ ನಿಯಮಗಳು ಎಲ್ಲಾ ಕಡೆ ಗೆರೆ ಎಳೆದ ಹಾಗೆ ನಡೆಯಲ್ಲ. ಮೆಗ್ನೀಸಿಯಂ ಅಯಾನೀಕರಣ ಶಕ್ತಿ 738, ಅದರ ಬಲಕ್ಕಿರೋ ಅಲ್ಯೂಮಿನಿಯಂದು ಜಾಸ್ತಿ ಇರಬೇಕಿತ್ತು, ಆದ್ರೆ 578. ಒಂದೇ ಕವಚದೊಳಗೂ ಉಪಕವಚ ಅಂತ ಇರ್ತವೆ. ಅಲ್ಯೂಮಿನಿಯಂನ ಕೊನೆಯ ಎಲೆಕ್ಟ್ರಾನ್ ಇರೋದು ಸ್ವಲ್ಪ ಮೇಲಿನ ಉಪಕವಚದಲ್ಲಿ, ಹಾಗಾಗಿ ಸಲೀಸಾಗಿ ಬಿಟ್ಟುಬರುತ್ತೆ. ಪರೀಕ್ಷೆಯಲ್ಲಿ ತಿರುಗಿಸಿ ಕೇಳೋದೂ ಇಂಥವನ್ನೇ.

ತಾಳೆ ಆಗದ ಲೆಕ್ಕ

ಇದೆಲ್ಲ ಎಲೆಕ್ಟ್ರಾನ್, ಪ್ರೋಟಾನ್ ಗೊತ್ತಿದ್ದೋರು ಕೂತು ಬರೆದ ಪಟ್ಟಿ ಅಂದ್ಕೊಂಡಿದ್ದೆ. ಅಲ್ಲ. ರಷ್ಯಾದ ಮೆಂಡಲೀವ್ ಇದನ್ನ ಪ್ರಕಟಿಸಿದ್ದು 1869ರಲ್ಲಿ. ಎಲೆಕ್ಟ್ರಾನ್ ಪತ್ತೆ ಆಗಿದ್ದು 1897ರಲ್ಲಿ. ಅವರ ಕೈಲಿದ್ದದ್ದು ಆಗ ಗೊತ್ತಿದ್ದ ಅರವತ್ತು ಚಿಲ್ಲರೆ ಧಾತುಗಳ ತೂಕ, ಗುಣ, ಅಷ್ಟೇ. ತೂಕದ ಕ್ರಮದಲ್ಲಿ ಜೋಡಿಸಿದಾಗ ಗುಣಗಳು ಮತ್ತೆ ಮತ್ತೆ ತಿರುಗಿ ಬರೋದು ಕಾಣಿಸ್ತು. ಎಲ್ಲಿ ಹೊಂದಲಿಲ್ಲವೋ ಅಲ್ಲಿ ಜಾಗ ಖಾಲಿ ಬಿಟ್ಟು, ಇಲ್ಲಿ ಇನ್ನೂ ಸಿಗದ ಧಾತು ಇದೆ ಅಂದ್ರು. ಆ ಖಾಲಿ ಮನೆಗಳಿಗೆ ಇಟ್ಟ ಹೆಸರಲ್ಲಿ ನಮ್ಮ ಸಂಸ್ಕೃತದ 'ಏಕ' ಇದೆ: ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್. ಅಂದ್ರೆ ಅಲ್ಯೂಮಿನಿಯಂನಿಂದ ಒಂದು ಮನೆ ಕೆಳಗೆ, ಸಿಲಿಕಾನ್‌ನಿಂದ ಒಂದು ಮನೆ ಕೆಳಗೆ.

1875ರಲ್ಲಿ ಫ್ರಾನ್ಸಿನ ಲಕೋಕ್ ದ ಬ್ವಾಬೋದ್ರಾನ್ ಹೊಸ ಲೋಹ ಪತ್ತೆ ಮಾಡಿ ಗ್ಯಾಲಿಯಂ ಅಂತ ಹೆಸರಿಟ್ರು. ಸಾಂದ್ರತೆ 4.7 ಬಂತು ಅಂದ್ರು. ಲೋಹವನ್ನ ಕಣ್ಣಲ್ಲೂ ನೋಡಿರದ ಮೆಂಡಲೀವ್, ಅದು 5.9ರ ಹತ್ತಿರ ಇರಬೇಕು, ಮತ್ತೆ ಅಳೆದು ನೋಡಿ ಅಂದ್ರು. ಶುದ್ಧ ಮಾಡಿ ಮತ್ತೆ ಅಳೆದಾಗ ಬಂದಿದ್ದು 5.9! ಬಿ.ಕಾಂ ಓದಿದೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗಲಿಲ್ಲ ಅಂದ್ರೆ ಲೆಕ್ಕದ ನಿಯಮ ತಪ್ಪಿರಲ್ಲ, ಎಂಟ್ರಿ ತಪ್ಪಿರುತ್ತೆ. ಏಕ-ಸಿಲಿಕಾನ್ ಕೂಡ 1886ರಲ್ಲಿ ಜರ್ಮೇನಿಯಂ ಆಗಿ ಸಿಕ್ತು.

ಆದ್ರೆ ತೂಕದ ಕ್ರಮದಲ್ಲಿ ಕೆಲವು ಕಡೆ ಗೊಂದಲ ಉಳಿದಿತ್ತು. 1913ರಲ್ಲಿ ಇಂಗ್ಲೆಂಡಿನ ಹೆನ್ರಿ ಮೋಸ್ಲೆ ಎಕ್ಸ್-ರೇ ಬಳಸಿ, ಪಟ್ಟಿಯ ಕ್ರಮ ನಿಂತಿರೋದು ತೂಕದ ಮೇಲಲ್ಲ, ನ್ಯೂಕ್ಲಿಯಸ್‌ನ ಚಾರ್ಜ್ ಮೇಲೆ, ಅಂದ್ರೆ ಪರಮಾಣು ಸಂಖ್ಯೆ ಮೇಲೆ ಅಂತ ತೋರಿಸಿದ್ರು. ಎರಡೇ ವರ್ಷಕ್ಕೆ, 1915ರಲ್ಲಿ, ಗಲಿಪೊಲಿ ಯುದ್ಧದಲ್ಲಿ ತೀರಿಕೊಂಡ್ರು. ವಯಸ್ಸು 27. ನನಗೀಗ 28. ಅದನ್ನ ಓದಿದ ರಾತ್ರಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟಿದ್ದೆ.

ಮೂಳೆಯನ್ನ ಮೋಸ ಮಾಡೋ ಅಳತೆ

ಈಗ ಅಜ್ಜಿ ವಿಷಯಕ್ಕೆ ಬರ್ತೀನಿ. ನಮ್ಮಜ್ಜಿ ಬೇರೆ ಕಡೆಯಿಂದ ಮದುವೆಯಾಗಿ ಪಾವಗಡದ ಕಡೆಗೆ ಬಂದೋರು. ಅವರ ಹಲ್ಲು ಇವತ್ತಿಗೂ ಬೆಳ್ಳಗಿವೆ. ಆದ್ರೆ ಮೊಣಕಾಲು ಮಡಿಸೋಕಾಗಲ್ಲ, ಬೆನ್ನು ಬಿಗಿ, ನೆಲದ ಮೇಲೆ ಕೂತು ಎಷ್ಟೋ ವರ್ಷ ಆಯ್ತು. ಅಲ್ಲೇ ಹುಟ್ಟಿ ಬೆಳೆದ ಚಿಕ್ಕಪ್ಪನ ಹಲ್ಲಿನ ಮೇಲೆ ಕಂದು ಪಟ್ಟಿ. ಚಿಕ್ಕವಳಿದ್ದಾಗ, ಚಿಕ್ಕಪ್ಪ ಸರಿಯಾಗಿ ಹಲ್ಲುಜ್ಜಲ್ಲ ಅಂದ್ಕೊಂಡಿದ್ದೆ. ಪಾಪ.

ಇದು ಫ್ಲೋರೋಸಿಸ್. ಬೋರ್‌ವೆಲ್ ನೀರಿನಲ್ಲಿರೋ ಫ್ಲೋರೈಡ್‌ನಿಂದ ಬರೋದು. ಪಾವಗಡ, ಕೋಲಾರದ ಕಡೆ ಈ ಸಮಸ್ಯೆ ಹಳೇದು. ಆದ್ರೆ ಫ್ಲೋರೈಡೇ ಯಾಕೆ? ನಾವು ದಿನಾ ಉಪ್ಪು ತಿಂತೀವಿ, ಅದರಲ್ಲಿ ಕ್ಲೋರೈಡ್ ಇದೆ. ಫ್ಲೋರಿನ್, ಕ್ಲೋರಿನ್ ಎರಡೂ ಒಂದೇ ಗುಂಪು, 17ನೇದು. ಗುಣ ಒಂದೇ ಥರ ಇರಬೇಕಲ್ವಾ?

ಉತ್ತರ ನಮ್ಮ ಎರಡನೇ ನಿಯಮದಲ್ಲಿದೆ. ಕ್ಲೋರಿನ್ ಒಂದು ಮೆಟ್ಟಿಲು ಕೆಳಗೆ, ಒಂದು ಸಾಲು ಜಾಸ್ತಿ. ಎಲೆಕ್ಟ್ರಾನ್ ಪಡೆದು ಅಯಾನ್ ಆದಾಗ ಕ್ಲೋರೈಡ್ ತ್ರಿಜ್ಯ 181 ಪಿಕೋಮೀಟರ್, ಫ್ಲೋರೈಡ್‌ದು 133. ನಮ್ಮ ಮೂಳೆ, ಹಲ್ಲಿನ ಗಟ್ಟಿ ಭಾಗದ ಹೆಸರು ಹೈಡ್ರಾಕ್ಸಿಅಪಟೈಟ್. ಕ್ಯಾಲ್ಸಿಯಂ, ಫಾಸ್ಫೇಟ್, ಜೊತೆಗೆ ಹೈಡ್ರಾಕ್ಸೈಡ್ ಅಯಾನ್. ಈ ಹೈಡ್ರಾಕ್ಸೈಡ್‌ಗೂ ಫ್ಲೋರೈಡ್‌ಗೂ ಗಾತ್ರ ಹೆಚ್ಚು ಕಮ್ಮಿ ಒಂದೇ, ಚಾರ್ಜೂ ಒಂದೇ. ಮನೆ ಕಟ್ಟೋನಿಗೆ ಒಂದೇ ಅಳತೆಯ ಎರಡು ಇಟ್ಟಿಗೆ ಕೊಟ್ಟ ಹಾಗೆ. ಮೂಳೆ ಕಟ್ಟೋವಾಗ ಹೈಡ್ರಾಕ್ಸೈಡ್ ಜಾಗದಲ್ಲಿ ಫ್ಲೋರೈಡ್ ಬಂದು ಕೂರುತ್ತೆ. ಗಾತ್ರ ದೊಡ್ಡದಾದ ಕ್ಲೋರೈಡ್‌ಗೆ ಆ ಜಾಗ ಅಷ್ಟು ಸಲೀಸಲ್ಲ.

ಅಳತೆ ಮೀರದಿದ್ರೆ ಇದು ಒಳ್ಳೇದೇ. ಫ್ಲೋರೈಡ್ ಸೇರಿದ ಎನಾಮೆಲ್ ಹುಳಿಗೆ ಸುಲಭವಾಗಿ ಕರಗಲ್ಲ, ಟೂತ್‌ಪೇಸ್ಟ್‌ನಲ್ಲಿ ಹಾಕೋದು ಅದಕ್ಕೇ. ಅಳತೆ ಮೀರಿ ವರ್ಷಗಟ್ಟಲೆ ಒಳಗೆ ಹೋದಾಗ ತೊಂದರೆ. ಹಲ್ಲು ದವಡೆಯೊಳಗೆ ರೂಪುಗೊಳ್ಳೋ ವಯಸ್ಸಲ್ಲಿ, ಅಂದ್ರೆ ಚಿಕ್ಕ ಮಕ್ಕಳಿಗೆ ಹೆಚ್ಚಾದ್ರೆ ಹಲ್ಲಲ್ಲಿ ಕಲೆ. ದೊಡ್ಡವರಿಗೆ ಮೂಳೆ, ಕೀಲು, ಸ್ನಾಯುಬಂಧ ಬಿಗಿ. ಅಜ್ಜಿ ಹಲ್ಲು ಯಾಕೆ ಬಚಾವಾಯ್ತು, ಚಿಕ್ಕಪ್ಪನದು ಯಾಕೆ ಆಗಲಿಲ್ಲ ಅಂತ ಈಗ ಗೊತ್ತಾಯ್ತಾ? ಅಜ್ಜಿ ಬರೋ ಹೊತ್ತಿಗೆ ಅವರ ಹಲ್ಲು ಬೆಳೆದಾಗಿತ್ತು.

ಫ್ಲೋರೈಡ್ ನೀರಿಗೆ ಬರೋದು ಬಂಡೆಯಿಂದ. ಆ ಕಡೆ ಕೆಳಗೆಲ್ಲ ಗ್ರಾನೈಟ್ ಥರದ ಗಟ್ಟಿ ಕಲ್ಲು, ಅದರ ಕೆಲವು ಖನಿಜಗಳಲ್ಲಿ ಫ್ಲೋರಿನ್ ಇರುತ್ತೆ. ಬಿರುಕುಗಳಲ್ಲಿ ಬಹಳ ಕಾಲ ನಿಂತ ನೀರಿಗೆ ಅದು ಇಳಿದು ಸೇರುತ್ತೆ. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ರೆ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕೆ ಕೂತುಬಿಡುತ್ತೆ. ಕಮ್ಮಿ ಇದ್ರೆ ಫ್ಲೋರೈಡ್ ನೀರಲ್ಲೇ ಉಳಿಯುತ್ತೆ. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ನೀರೇ ಇಲ್ಲ ಅಂದಾಗ 1.5 ಮಿಲಿಗ್ರಾಂ ತನಕ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮಜ್ಜಿ ನೀರು ಕಾಯಿಸಿ ಆರಿಸಿಯೇ ಕುಡಿಯೋರು. ಕಾಯಿಸಿದ್ರೆ ಎಲ್ಲ ಹೋಗುತ್ತೆ ಅನ್ನೋ ನಂಬಿಕೆ. ಕಾಯಿಸಿದ್ರೆ ರೋಗಾಣು ಸಾಯ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಮ್ಮಿ ಆದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಸ್ವಲ್ಪ ಏರುತ್ತೆ. ಬಟ್ಟೆಯಲ್ಲಿ ಸೋಸಿದ್ರೂ ಹೋಗಲ್ಲ, ಅದು ಕರಗಿರೋದು.

ಹೋಗಲಾಡಿಸೋ ದಾರಿಯನ್ನೂ ಇದೇ ಕೋಷ್ಟಕ ತೋರಿಸುತ್ತೆ. ಫ್ಲೋರೈಡ್ ಚಿಕ್ಕದು. ಅಲ್ಯೂಮಿನಿಯಂ ಅಯಾನ್ ಇನ್ನೂ ಚಿಕ್ಕದು, ಮೇಲೆ ಮೂರು ಪಾಸಿಟಿವ್ ಚಾರ್ಜ್. ಇಬ್ಬರೂ ಸಿಕ್ಕರೆ ಗಟ್ಟಿಯಾಗಿ ಅಂಟಿಕೊಳ್ತಾರೆ. ಅದಕ್ಕೇ ಫ್ಲೋರೈಡ್ ಫಿಲ್ಟರ್‌ಗಳಲ್ಲಿ ಆಕ್ಟಿವೇಟೆಡ್ ಅಲ್ಯೂಮಿನಾ ಬಳಸೋದು. ನಾಗ್ಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡನ್ನ ತಳಕ್ಕೆ ಕೂರಿಸ್ತಾರೆ. ಪಟಿಕದಲ್ಲಿರೋದೂ ಅಲ್ಯೂಮಿನಿಯಮ್ಮೇ. ಹಾಗಂತ ಮನೇಲಿ ಅಂದಾಜಿಗೆ ಪಟಿಕ ಹಾಕ್ಬೇಡಿ, ಪ್ರಮಾಣ ನೀರು ನೋಡಿ ನಿರ್ಧಾರ ಆಗ್ಬೇಕು. ಆರ್‌ಓ ಘಟಕಗಳೂ ಫ್ಲೋರೈಡ್ ಕಮ್ಮಿ ಮಾಡ್ತವೆ.

ಅದೇ ಊರು, ಮೇಲೆ ಬಿಸಿಲು

ಪಾವಗಡ ಅಂದ್ರೆ ಈಗ ಎಲ್ಲರಿಗೂ ನೆನಪಾಗೋದು ತಿರುಮಣಿ ಸುತ್ತಲಿನ ಸೋಲಾರ್ ಪಾರ್ಕ್. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಆ ಪ್ಯಾನೆಲ್ ಒಳಗಿರೋದು ಸಿಲಿಕಾನ್, 14ನೇ ಗುಂಪು. ಈ ಗುಂಪನ್ನ ಮೇಲಿಂದ ಕೆಳಗೆ ನೋಡಿ: ಕಾರ್ಬನ್, ಸಿಲಿಕಾನ್, ಜರ್ಮೇನಿಯಂ, ತವರ, ಸೀಸ. ಮೇಲೆ ಅಲೋಹ, ಕೆಳಗೆ ಲೋಹ. ವಜ್ರದ ರೂಪದಲ್ಲಿರೋ ಕಾರ್ಬನ್ ಎಲೆಕ್ಟ್ರಾನನ್ನ ಬಿಗಿಯಾಗಿ ಹಿಡ್ಕೊಳ್ಳುತ್ತೆ, ಸೀಸದಲ್ಲಿ ಅವು ಸಡಿಲ. ಸಿಲಿಕಾನ್ ಎರಡರ ನಡುವೆ. ಬಿಸಿಲು ಬಿದ್ರೆ ಸಾಕು, ಎಲೆಕ್ಟ್ರಾನ್ ಎದ್ದು ಹೊರಡುತ್ತೆ. ಅದಕ್ಕೆ ದಾರಿ ತೋರಿಸೋಕೆ ಒಂದು ಕಡೆ ಎಡಗಡೆ ಗುಂಪಿನ ಬೋರಾನ್ ಅಥವಾ ಗ್ಯಾಲಿಯಂ, ಇನ್ನೊಂದು ಕಡೆ ಬಲಗಡೆ ಗುಂಪಿನ ಫಾಸ್ಫರಸ್ ಒಂಚೂರು ಬೆರೆಸ್ತಾರೆ. ಒಂದರಲ್ಲಿ ಹೊರಗಿನ ಎಲೆಕ್ಟ್ರಾನ್ ಒಂದು ಕಮ್ಮಿ, ಇನ್ನೊಂದರಲ್ಲಿ ಒಂದು ಜಾಸ್ತಿ.

ನೀವು ಈಗ ಕೈಲಿ ಹಿಡಿದಿರೋ ಫೋನೂ ಅಷ್ಟೇ. ಬ್ಯಾಟರಿಯಲ್ಲಿರೋದು ಲಿಥಿಯಂ, ಮೊದಲ ಗುಂಪಿನಲ್ಲಿ ಎಲ್ಲಕ್ಕಿಂತ ಮೇಲಿರೋ ಲೋಹ. ಹಗುರ, ಅಯಾನ್ ಚಿಕ್ಕದು, 76 ಪಿಕೋಮೀಟರ್. ಒಂದು ಮನೆ ಕೆಳಗಿರೋ ಸೋಡಿಯಂ ಅಯಾನ್ 102. ಸೋಡಿಯಂ ಉಪ್ಪಿನಷ್ಟು ಅಗ್ಗ, ಆದ್ರೆ ತೂಕ ಜಾಸ್ತಿ, ಮೇಲಾಗಿ ಲಿಥಿಯಂಗೆ ಒಗ್ಗುವ ಗ್ರಾಫೈಟ್ ಪದರಗಳು ಅದಕ್ಕೆ ಒಗ್ಗಲ್ಲ. ಸೋಡಿಯಂ ಬ್ಯಾಟರಿ ಮಾಡೋರು ಬೇರೆ ಥರದ ಕಾರ್ಬನ್ ಹುಡುಕಬೇಕಾಗಿದ್ದು ಇದಕ್ಕೇ. ಮಂಡ್ಯದ ಮಾರ್ಲಗಲ್ಲ, ಅಲ್ಲಾಪಟ್ಟಣ ಹತ್ತಿರ 1,600 ಟನ್ ಲಿಥಿಯಂ ಅಂದಾಜಿಸಿದಾರೆ ಅನ್ನೋ ಸುದ್ದಿ ಅಷ್ಟು ಸದ್ದು ಮಾಡಿದ್ದೂ ಇದಕ್ಕೇ.

ತಂಗಿ ಮಾಡಿದ್ದು

ಇದನ್ನೆಲ್ಲ ಎರಡು ಭಾನುವಾರ ಫೋನಲ್ಲೇ ಅವಳಿಗೆ ಹೇಳಿದೆ. ಅಜ್ಜಿ ವಿಷಯ ಬಂದಾಗ ಸುಮ್ಮನಾದ್ಲು. ಆಮೇಲೆ, "ಅಕ್ಕಾ, ಕುಡಿಯೋಕೆ ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ನೀರು ತರ್ತೀವಿ. ಸಾರು, ಮುದ್ದೆ, ಕಾಫಿಗೆಲ್ಲ ನಲ್ಲಿ ನೀರೇ" ಅಂದ್ಲು. ಇದು ನನಗೆ ಹೊಳೆದೇ ಇರಲಿಲ್ಲ.

ಮಾರನೇ ವಾರ ಊರಿನ ನೀರಗಂಟಿ ಜೊತೆ ಪಂಚಾಯ್ತಿಗೆ ಹೋಗಿದಾಳೆ. ಅಲ್ಲಿ ನೀರು ಪರೀಕ್ಷೆ ಮಾಡೋ ಕಿಟ್ ಇತ್ತು. ಬಣ್ಣ ಬದಲಾಗೋದನ್ನ ಪಟ್ಟಿ ಜೊತೆ ಹೋಲಿಸಿ ನೋಡಿದಾರೆ. ನಲ್ಲಿ ನೀರು 1.5 ದಾಟಿತ್ತು, ಕ್ಯಾನ್ ನೀರು ಒಳಗಿತ್ತು. ಈಗ ಮನೇಲಿ ಅಡುಗೆಗೂ ಕ್ಯಾನ್ ನೀರೇ. ದಿನಕ್ಕೆ ಐದು ರೂಪಾಯಿ ಖರ್ಚು ಜಾಸ್ತಿ, ವರ್ಷಕ್ಕೆ 1,825. ನನ್ನ ಕಾಮರ್ಸ್ ಬುದ್ಧಿ ಆ ಲೆಕ್ಕ ಹಾಕದೆ ಬಿಡಲಿಲ್ಲ. ಅಜ್ಜಿ ಮೊಣಕಾಲು ವಾಪಸ್ ಬರಲ್ಲ. ಆದ್ರೆ ಮನೇಲಿ ಚಿಕ್ಕಪ್ಪನ ಚಿಕ್ಕ ಮಗ ಇದಾನೆ, ಅವನಿಗಿನ್ನೂ ನಾಲ್ಕು ವರ್ಷ. ಶಾಶ್ವತ ಹಲ್ಲುಗಳು ಇನ್ನೂ ದವಡೆಯೊಳಗೇ ಇವೆ.

ನಿಮ್ಮೂರಲ್ಲೂ ಬೋರ್‌ವೆಲ್ ನೀರೇ ಆದ್ರೆ ಒಂದು ಸಲ ಪರೀಕ್ಷೆ ಮಾಡಿಸಿ. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಗಳ ಹೆಣ್ಣುಮಕ್ಕಳಿಗೇ ಈ ಕಿಟ್ ಬಳಸೋ ತರಬೇತಿ ಕೊಟ್ಟಿದಾರೆ, ಪಂಚಾಯ್ತಿಯಲ್ಲಿ ಕೇಳಿ. ಅಡುಗೆ ನೀರನ್ನ ಮರೀಬೇಡಿ.

ಅಂದ ಹಾಗೆ, ತಂಗಿ ಕಾಮರ್ಸ್‌ಗೆ ಬರಲ್ಲವಂತೆ. ಮುಂದಿನ ಟೆಸ್ಟಲ್ಲಿ ಇಪ್ಪತ್ತಕ್ಕೆ ಹದಿಮೂರು. ಅಲ್ಯೂಮಿನಿಯಂ ಪ್ರಶ್ನೆ ಬಂದಿತ್ತಂತೆ, ಬರೆದಿದಾಳೆ. "ಗಂಧಕದ ಪ್ರಶ್ನೆಯಲ್ಲಿ ಹೋಯ್ತು ಅಕ್ಕಾ, ಅದನ್ನ ನೀನು ಹೇಳಿಕೊಟ್ಟಿರಲಿಲ್ಲ" ಅಂತ ನನ್ನ ಮೇಲೇ ಹಾಕಿದ್ಲು. ನಿಜ. ರಂಜಕದ ಅಯಾನೀಕರಣ ಶಕ್ತಿ 1012, ಅದರ ಬಲಕ್ಕಿರೋ ಗಂಧಕದ್ದು 1000. ಯಾಕೆ ಕಮ್ಮಿ? ಒಂದು ಸುಳಿವು ಕೊಡ್ತೀನಿ: ಒಂದೇ ಬೆಂಚಲ್ಲಿ ಇಬ್ಬರು ಕೂತಾಗ ಏನಾಗುತ್ತೆ ಯೋಚಿಸಿ. ಗೊತ್ತಾದೋರು ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ.

ಮುಂದಿನ ವಾರ ಮತ್ತೆ ದುಡ್ಡಿನ ವಿಷಯ. ಅಲ್ಲೀತನಕ ನಮಸ್ಕಾರ.